ತಿರುಗದೆ ಆಡಿದ ಮಾತು

ನಮ್ಮ ನಿರ್ದೇಶಕನಿಗೆ ಸ್ಟುಡಿಯೋದವರು ಇಟ್ಟಿದ್ದ ಹೆಸರು ‘ಇನ್ನೊಂದ್ಸಲ’. ಎಷ್ಟೇ ಚೆನ್ನಾಗಿ ಮಾಡಿ ತೋರಿಸಿದರೂ ಇನ್ನೊಂದ್ಸಲ ಎನ್ನದೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಅಂಥವನು ಇಡೀ ಸಿನಿಮಾದ ಅತಿ ಮುಖ್ಯವಾದ ಶಾಟನ್ನು ಒಂದೇ ಸಲಕ್ಕೆ ತೆಗೆದು ಮುಗಿಸಿದ್ದ. ನಾಯಕಿ ಗಂಡನ ಮನೆ ಬಿಟ್ಟು ಹೊರಡುತ್ತಾಳೆ, ಬಾಗಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತಾಳೆ, ತಿರುಗಿ ನೋಡದೆ ‘ಬರ್ತೀನಿ’ ಎನ್ನುತ್ತಾಳೆ, ಹೋಗುತ್ತಾಳೆ. ಕ್ಯಾಮೆರಾ ಇರುವುದು ಮನೆಯೊಳಗೆ, ಗಂಡ ನಿಂತ ಜಾಗದಲ್ಲಿ. ನಮಗೆ ಕಾಣುವುದು ಅವಳ ಬೆನ್ನು, ಒಂದು ಸೂಟ್‌ಕೇಸು, ಅರ್ಧ ತೆರೆದ ಬಾಗಿಲು, ಅಷ್ಟೇ.

ಮುಖ ಯಾಕಪ್ಪಾ ತೋರಿಸಲಿಲ್ಲ ಎಂದು ಕೇಳಿದರೆ, ಕಾದಂಬರಿಯಲ್ಲಿ ಹಾಗೇ ಇದೆಯಲ್ಲ ಮೇಡಂ ಎಂದ. ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅವನ ಹೊಟ್ಟೆಯೊಳಗಿದ್ದದ್ದು ನನಗೆ ಗೊತ್ತಿತ್ತು. ಮುಖ ತೋರಿಸಿದರೆ ಅವಳು ವಾಪಸ್ಸು ಬರುತ್ತಾಳೋ ಇಲ್ಲವೋ ಎಂದು ಹೇಳಬೇಕಾಗುತ್ತಿತ್ತು. ಬೆನ್ನು ತೋರಿಸಿ ಅವನು ಕೈ ತೊಳೆದುಕೊಂಡ, ಆ ಕೆಲಸ ಬಂದು ನನ್ನ ತಲೆಯ ಮೇಲೆ ಕೂತಿತು. ಯಾಕೆಂದರೆ ಆ ಸಿನಿಮಾದ ಹಿನ್ನೆಲೆ ಸಂಗೀತ ನನ್ನದು. ಮುಖವಿಲ್ಲದ ಕಡೆ ಜನ ಕಿವಿಯಿಂದಲೇ ಮುಖ ಹುಡುಕುತ್ತಾರೆ. ಆ ಒಂದು ಮಾತನ್ನು ನಾಯಕಿಯಾದ ಹುಡುಗಿ ಡಬ್ಬಿಂಗಿನಲ್ಲಿ ಹೇಗೆ ಹೇಳುತ್ತಾಳೆ, ಅದರ ಹಿಂದೆ ನಾನು ಏನು ನುಡಿಸುತ್ತೇನೆ, ಇವೆರಡರ ಮೇಲೆ ಆ ಹೆಂಗಸಿನ ಹಣೆಬರಹ ನಿಂತಿತ್ತು.

ಕಾದಂಬರಿ ನನ್ನ ಅಣ್ಣನದು. ಅದು ಬಂದು ಬಹಳ ವರ್ಷವಾಯಿತು, ಈಗಲೂ ಮಾರಾಟವಾಗುತ್ತದೆ. ಅದು ‘ಬರ್ತೀನಿ’ ಎಂಬ ಮಾತಿನಲ್ಲೇ ಮುಗಿಯುತ್ತದೆ. ಆ ಮಾತಿನ ಮೇಲೆ ಓದುಗರು ಆಡಿದ ಜಗಳವನ್ನೆಲ್ಲ ಕೂಡಿಸಿದರೆ ಅಣ್ಣನ ಎಲ್ಲ ಪುಸ್ತಕಗಳಿಗಿಂತ ದಪ್ಪವಾದೀತು. ನಮ್ಮಲ್ಲಿ ಹೊರಡುವಾಗ ಹೋಗ್ತೀನಿ ಎನ್ನುವವರು ಯಾರು? ಬಾಯಿ ತಪ್ಪಿ ಅಂದರೂ ಹಿರಿಯರು, ಬಿಡ್ತು ಅನ್ನು, ಬರ್ತೀನಿ ಅಂತ ಹೇಳು ಎಂದು ಗದರುತ್ತಾರೆ. ಹಾಗಾಗಿ ಅವಳು ರೂಢಿಗೆ ಅಂದಳೋ ಮನಸ್ಸಿಟ್ಟು ಅಂದಳೋ ಎಂಬುದೇ ಪ್ರಶ್ನೆ. ಅಣ್ಣ ಇದಕ್ಕೆ ಎಂದೂ ಬಾಯಿ ಬಿಟ್ಟು ಉತ್ತರ ಕೊಟ್ಟವನಲ್ಲ, ಆದರೆ ಉತ್ತರ ಅವನ ಮುಖದಲ್ಲೇ ಇರುತ್ತಿತ್ತು. ಸಭೆಗಳಲ್ಲಿ ಯಾರಾದರೂ ಆ ಹೆಂಗಸನ್ನು ‘ಮಾತು ಕೊಟ್ಟು ಮರೆತವಳು’ ಎಂದರೆ ಬೇಡ ಎನ್ನುವಂತೆ ಕೈ ಅಲ್ಲಾಡಿಸುತ್ತಿದ್ದ, ಬಾಯಲ್ಲಿ ಮಾತ್ರ ಅಲ್ಲ ಎನ್ನುತ್ತಿರಲಿಲ್ಲ.

ಆ ಹೆಂಗಸು ಯಾರು ಎಂಬುದು ನಮ್ಮ ಮನೆಯವರಿಗೆಲ್ಲ ಗೊತ್ತು. ಅಣ್ಣನ ಹೆಂಡತಿ, ನನ್ನ ಅತ್ತಿಗೆ. ಮದುವೆಯಾಗಿ ಕೆಲವು ವರ್ಷಕ್ಕೆ ಒಂದು ಬೆಳಿಗ್ಗೆ ಸೂಟ್‌ಕೇಸು ಹಿಡಿದು ಹೊರಟುಬಿಟ್ಟರು. ನಾನಾಗಲೇ ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದೆ, ಅಂದು ನಾನು ಅಲ್ಲಿರಲಿಲ್ಲ. ನನಗೆ ಗೊತ್ತಿದ್ದದ್ದು ಅಣ್ಣ ಬರೆದಷ್ಟೇ. ಅವನು ಇನ್ನೊಂದು ಮದುವೆಯಾಗಲಿಲ್ಲ. ಕೇಳಿದವರಿಗೆ, ಬರ್ತೀನಿ ಅಂದಿದ್ದಾಳಲ್ಲ ಎಂದು ನಗುತ್ತಿದ್ದ. ಮೊದಮೊದಲು ಅದು ತಮಾಷೆಯಾಗಿತ್ತು, ಆಮೇಲಾಮೇಲೆ ನಗು ಉದುರಿ ಮಾತು ಮಾತ್ರ ಉಳಿಯಿತು.

ಆ ದೃಶ್ಯಕ್ಕೆ ನಾನು ಎರಡು ಥರ ಮಾಡಿಟ್ಟಿದ್ದೆ. ಒಂದರಲ್ಲಿ ಚೆಲ್ಲೋ, ಅಂದರೆ ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲು, ನಿಧಾನಕ್ಕೆ ಮೇಲೆ ಹತ್ತಿ ನಿಷಾದದಲ್ಲಿ ನಿಂತುಬಿಡುತ್ತದೆ. ಇನ್ನೊಂದು ಹೆಜ್ಜೆ ಇಟ್ಟರೆ ಮೇಲಿನ ಷಡ್ಜ, ಆ ಹೆಜ್ಜೆ ಇಡುವುದಿಲ್ಲ. ಕೇಳುವವರ ಜೀವ ಕಾಯುತ್ತಾ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದರಲ್ಲಿ ಅದೇ ಚೆಲ್ಲೋ ಇಳಿದು ಬಂದು ಕೆಳಗಿನ ಷಡ್ಜದಲ್ಲಿ ಕೂರುತ್ತದೆ. ಕಥೆ ಮುಗಿಯಿತು, ದೀಪ ಆರಿಸಿ ಎಂದ ಹಾಗೆ. ಅಣ್ಣ ಎರಡನ್ನೂ ಕೇಳಿ, ಮೊದಲನೆಯದೇ ಇರಲಿ, ಸಂಗೀತ ಕಾಯುತ್ತಾ ಇರಬೇಕು ಎಂದ. ಕಾದಂಬರಿ ಕೊಡುವಾಗಲೇ ಅವನು ಒಂದು ಷರತ್ತು ಹಾಕಿದ್ದ, ಆ ಕೊನೆಯ ಮಾತಿನಲ್ಲಿ ಒಂದಕ್ಷರ ಕೂಡಿಸಬಾರದು, ಕಳೆಯಬಾರದು ಎಂದು. ಡಬ್ಬಿಂಗ್ ದಿನ ಖುದ್ದು ತಾನೇ ಬಂದು ಕೂರುವುದಾಗಿಯೂ ಹೇಳಿಟ್ಟಿದ್ದ.

ನನಗೇನೂ ತಕರಾರಿರಲಿಲ್ಲ, ಆ ಹುಡುಗಿ ತಕರಾರು ತೆಗೆಯುವವರೆಗೆ. ನಾಯಕಿಯ ಪಾತ್ರ ಮಾಡಿದ ಹುಡುಗಿ ಒಳ್ಳೆಯ ನಟಿ, ಬಾಯಿ ಸ್ವಲ್ಪ ಜಾಸ್ತಿ. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಪಿಯಾನೋದ ಮೇಲೆ ಮೊಣಕೈ ಊರಿ ನಿಂತಳು. ನಿರ್ದೇಶಕರನ್ನು ಕೇಳಿದರೆ ಲೇಖಕರನ್ನು ಕೇಳು ಅಂತಾರೆ, ಲೇಖಕರನ್ನು ಕೇಳಿದರೆ ಅದು ತೆರೆದಿಟ್ಟ ಬಾಗಿಲು ಅಂತಾರೆ ಎಂದು ಗೊಣಗಿದಳು.

“ತೆರೆದಿಟ್ಟ ಬಾಗಿಲನ್ನ ಹೇಗೆ ಆಕ್ಟ್ ಮಾಡೋದು ಮೇಡಂ? ನಾನು ಹೆಂಗಸು, ಬಾಗಿಲಲ್ಲ. ವಾಪಸ್ ಬರ್ತೀನಾ ಇಲ್ವಾ, ಅದನ್ನ ಹೇಳಿ. ಹಾಗೇ ಹೇಳ್ತೀನಿ.”

ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯವರೆಲ್ಲ ಆಡಿಕೊಳ್ಳುವ ವಿಷಯ. ಇಷ್ಟು ವರ್ಷ ಇಷ್ಟು ಜನ ಆ ಮಾತನ್ನು ಹಿಂಜಿ ಹಿಂಜಿ ಹತ್ತಿ ಮಾಡಿದರು, ಆಡಿದವಳನ್ನು ಒಬ್ಬರೂ ಕೇಳಲಿಲ್ಲವಲ್ಲ ಎಂದು ಆಗ ಹೊಳೆಯಿತು. ಅತ್ತಿಗೆ ಎಲ್ಲೋ ಮಾಯವಾಗಿರಲಿಲ್ಲ. ಇದೇ ಊರಿನಲ್ಲಿ ಡ್ರೈವಿಂಗ್ ಶಾಲೆ ನಡೆಸುತ್ತಿದ್ದರು. ತಲೆಯ ಮೇಲೆ ಹಳದಿ ಹಲಗೆ ಹೊತ್ತ ಅವರ ಕಾರುಗಳನ್ನು ನಾನೇ ಎಷ್ಟೋ ಸಲ ರಸ್ತೆಯಲ್ಲಿ ನೋಡಿ ಮುಖ ಆಚೆ ತಿರುಗಿಸಿದ್ದೆ.

ಮರುದಿನ ಹೋದೆ. ದೊಡ್ಡ ಮೈದಾನದಲ್ಲಿ ಕಂಬ ನೆಟ್ಟು ರಿವರ್ಸ್ ಕಲಿಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅದನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದರು. ಯಾರೋ ಬ್ಯಾಂಕಿನವರು ಬೆವರಿಳಿಸಿಕೊಂಡು ಸ್ಟೇರಿಂಗ್ ತಿರುಗಿಸುತ್ತಿದ್ದರು. ಅತ್ತಿಗೆ ನನ್ನನ್ನು ನೋಡಿದರು, ಆಶ್ಚರ್ಯ ತೋರಿಸದೆ ಹಿಂದಿನ ಬಾಗಿಲು ತೆರೆದು ಕೂತ್ಕೋ ಎಂದರು. ಆಮೇಲೆ ಬ್ಯಾಂಕಿನವರು ಎರಡು ಕಂಬ ಬೀಳಿಸುವವರೆಗೆ ನಾನು ಬಾಯಿ ಮುಚ್ಚಿಕೊಂಡು ಹಿಂದೆ ಕೂತಿದ್ದೆ. ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದಂತೆ, ನಾನು ಕಂಡದ್ದು ಆಗಲೇ. ಅತ್ತಿಗೆ ಅದರ ಮೇಲೆ ಕಾಲಿಟ್ಟುಕೊಂಡೇ ನನ್ನ ಮಕ್ಕಳ ಯೋಗಕ್ಷೇಮ ವಿಚಾರಿಸಿದರು.

ಬ್ಯಾಂಕಿನವರು ಇಳಿದು ಹೋದ ಮೇಲೆ ನಾನು ಮುಂದಿನ ಸೀಟಿಗೆ ಬಂದೆ. ಸುತ್ತಿ ಬಳಸುವುದು ನನಗೆ ಬರುವುದಿಲ್ಲ. ಸಿನಿಮಾದ ಸಂಗತಿ ಹೇಳಿ, ಅಂದು ಬರ್ತೀನಿ ಅಂದಿರಲ್ಲ ಅತ್ತಿಗೆ, ಯಾವ ಅರ್ಥದಲ್ಲಿ ಅಂದಿರಿ ಎಂದು ನೇರವಾಗಿ ಕೇಳಿದೆ. ಕಾದಂಬರಿ ಓದಿದ್ದೀರಾ ಎಂದೂ ಕೇಳಿದೆ. ಓದಿದ್ದರಂತೆ. ಅದರಲ್ಲಿರುವ ಹೆಂಗಸು ತನಗಿಂತ ಚೆನ್ನಾಗಿ ಮಾತಾಡುತ್ತಾಳಂತೆ, ಆದರೆ ಕೆಲಸ ಏನೂ ಮಾಡುವುದಿಲ್ಲವಂತೆ, ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ ಎಂದು ಕೊನೆಯವರೆಗೂ ಗೊತ್ತಾಗುವುದಿಲ್ಲವಂತೆ. ಇಬ್ಬರೂ ನಕ್ಕೆವು. ಆಮೇಲೆ ಅವರು ಗಾಜಿನಾಚೆ ಬಿದ್ದಿದ್ದ ಕಂಬಗಳನ್ನು ನೋಡುತ್ತಾ ಹೇಳಿದರು.

“ಬರ್ತೀನಿ ಅನ್ನದೆ ಇನ್ನೇನನ್ನಲಿ? ನಲ್ಲಿ ರಿಪೇರಿಯವನೂ ಬರ್ತೀನಿ ಅಂತಾನೇ ಹೋಗ್ತಾನೆ. ಆದ್ರೆ ನಾನು ಅಂದಿದ್ದು ಬರೀ ಅಷ್ಟೇ ಅಲ್ಲ. ‘ಬರ್ತೀನಿ ಅತ್ತೆ’ ಅಂದೆ.”

ನಮ್ಮಮ್ಮ, ಅವರ ಅತ್ತೆ, ಅಂದು ಅಲ್ಲಿದ್ದಳು. ಮಂಡಿ ನೋವಿಗೆ ಅವಳು ಬೆಳಗಿನ ಹೊತ್ತು ವರಾಂಡದ ಬಿಸಿಲಿನಲ್ಲಿ ಕಾಲು ಚಾಚಿ ಕೂರುತ್ತಿದ್ದದ್ದು ನನಗೆ ಗೊತ್ತೇ ಇತ್ತು. ಬಾಗಿಲು ದಾಟುವ ಅತ್ತಿಗೆಗೆ ಎದುರಿಗೆ ಕಂಡದ್ದು ಅಮ್ಮನ ಮುಖ. ಅಣ್ಣ ಒಳಗೆ ಇವರ ಬೆನ್ನ ಹಿಂದೆ ನಿಂತಿದ್ದ. ತಿರುಗದೆ ಹೇಳಿದ್ದರಲ್ಲಿ ಗುಟ್ಟೂ ಇರಲಿಲ್ಲ, ಹಟವೂ ಇರಲಿಲ್ಲ. ಯಾರಿಗೆ ಹೇಳುತ್ತಿದ್ದರೋ ಅವರು ಮುಂದೆಯೇ ಕೂತಿದ್ದರು, ತಿರುಗುವ ಅಗತ್ಯವೇನು? ಅಮ್ಮ, ಹೋಗಿ ಬಾರಮ್ಮ ಎಂದಳಂತೆ.

ಕಾದಂಬರಿಯಲ್ಲಿ ಅಮ್ಮ ಇಲ್ಲ. ಗಂಡ ಅದರಲ್ಲಿ ತಂದೆತಾಯಿ ಇಲ್ಲದವನು. ಒಂದು ಪಾತ್ರ ಕಡಿಮೆಯಾದರೆ ಕಥೆ ಬಿಗಿಯಾಗುತ್ತದೆ ಎಂದು ಅಣ್ಣ ಆಗ ಹೇಳಿದ್ದು ನೆನಪಾಯಿತು. ಅಮ್ಮನ ಜೊತೆಗೇ ‘ಅತ್ತೆ’ ಎಂಬ ಮಾತೂ ಹೋಯಿತು. ಉಳಿದ ಮಾತು ಅವನ ಕಡೆಗೆ ತಿರುಗಿಕೊಂಡಿತು.

ಅತ್ತಿಗೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಂದೆ ಕೂಡ ಎಂದರು. ಅಣ್ಣ ಆಫೀಸಿಗೆ ಹೋದ ಮೇಲೆ, ವಾರಕ್ಕೊಂದು ದಿನ, ಅಮ್ಮ ಇರುವವರೆಗೆ. ಅಮ್ಮನೇ, ಅವನಿಗೆ ಹೇಳಬೇಡ, ಕೆಲಸ ಬಿಟ್ಟು ಕಾಯುತ್ತಾ ಕೂತುಬಿಡುತ್ತಾನೆ ಎಂದಿದ್ದಳಂತೆ. ನನಗೂ ಹೇಳಿರಲಿಲ್ಲ ಪುಣ್ಯಾತ್ಗಿತ್ತಿ. ಪಕ್ಕದ ಮನೆಯವರ ಹುಳುಕನ್ನೆಲ್ಲ ಫೋನಿನಲ್ಲಿ ಒಪ್ಪಿಸುತ್ತಿದ್ದ ನನ್ನಮ್ಮ ಇದೊಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋದಳು. ಬಂದು ಏನು ಮಾಡುತ್ತಿದ್ದಿರಿ ಎಂದೆ. ಟೀ ಮಾಡಿಕೊಂಡು ಕುಡಿಯುತ್ತಿದ್ದೆವು, ಅವರಿಗೆ ಬಗ್ಗಲು ಆಗುತ್ತಿರಲಿಲ್ಲವಲ್ಲ, ಕಾಲಿನ ಉಗುರು ಕತ್ತರಿಸಿಕೊಡುತ್ತಿದ್ದೆ ಎಂದರು. ನನಗೆ ಕಣ್ಣು ತುಂಬಿ ಬಂತು. ಅಮ್ಮನ ಕಾಲುಗುರುಗಳು ಯಾವಾಗಲೂ ನೀಟಾಗಿರುತ್ತಿದ್ದವು. ಅಣ್ಣ ಕತ್ತರಿಸುತ್ತಾನೆ ಎಂದು ನಾನು ಅಂದುಕೊಂಡಿದ್ದೆ.

ಹಾಗಾದರೆ ಬಿಟ್ಟು ಹೋದದ್ದು ಯಾಕೆ ಎಂದು ಕೇಳಿಯೇಬಿಟ್ಟೆ. ದೊಡ್ಡ ಜಗಳವೇನೂ ಇರಲಿಲ್ಲವಂತೆ. ಏನು ಹೇಳಿದರೂ ಅಣ್ಣ, ಏನಂದೆ, ಅದನ್ನೇ ಮತ್ತೆ ಹೇಳು ಎನ್ನುತ್ತಿದ್ದನಂತೆ, ಬರೆದುಕೊಳ್ಳುವುದಕ್ಕೆ. ತಲೆನೋವು ಅಂದರೂ ಅಷ್ಟೇ. ಕೊನೆಕೊನೆಗೆ ಮನೆಯಲ್ಲಿ ಬಾಯಿ ತೆರೆಯುವುದಕ್ಕೇ ಭಯವಾಗುತ್ತಿತ್ತಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಕೆಟ್ಟವನಲ್ಲ, ಪೆನ್ನು ಕೆಳಗಿಡಲು ಬರುತ್ತಿರಲಿಲ್ಲ ಅಷ್ಟೇ ಎಂದರು.

ನಾನು ಇಳಿಯುವಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

“ಅವನಿಗೆ ಹೇಳ್ತೀಯೋ ಬಿಡ್ತೀಯೋ ನಿನ್ನಿಷ್ಟ. ಪುಸ್ತಕ ಓದೋರು ಕಡಿಮೆ, ಹೇಗೋ ಸಹಿಸ್ಕೊಂಡೆ. ಸಿನಿಮಾ ಎಲ್ಲರೂ ನೋಡ್ತಾರೆ. ನನ್ನ ಹತ್ರ ಕಲಿಯೋಕೆ ಬರೋರೂ ನೋಡ್ತಾರೆ. ನಾನು ಮಾತು ಕೊಟ್ಟು ತಪ್ಪಿದವಳು ಅಂತ ಮಾತ್ರ ಮಾಡಬೇಡ. ನಾನು ತಪ್ಪಲಿಲ್ಲ.”

ಮನೆಗೆ ಬಂದು ನಿಷಾದದಲ್ಲಿ ನಿಲ್ಲುವ ಆ ಚೆಲ್ಲೋವನ್ನು ಕೇಳಿದೆ. ನಾನೇ ಮಾಡಿದ್ದು, ಚೆನ್ನಾಗಿಯೇ ಇತ್ತು. ಆದರೆ ಈಗ ಅದು ಅಪ್ಪಟ ಸುಳ್ಳು ಅನ್ನಿಸಿತು. ಷಡ್ಜಕ್ಕೆ ಇಳಿಯುವುದನ್ನು ಹಾಕಿದೆ, ಅದೂ ಸುಳ್ಳೇ. ಒಂದು ಅವರನ್ನು ಮಾತಿಗೆ ತಪ್ಪಿದವಳನ್ನಾಗಿ ಮಾಡುತ್ತಿತ್ತು, ಇನ್ನೊಂದು ಮಾತಿಗೆ ಬೆಲೆಯೇ ಇಲ್ಲದವಳನ್ನಾಗಿ. ಅತ್ತಿಗೆಯ ಮಾನ ಉಳಿಸಬೇಕೆಂದರೆ ಅಣ್ಣನ ಕೈಯಿಂದ ಆ ಮಾತನ್ನು ಕಿತ್ತುಕೊಳ್ಳಬೇಕಿತ್ತು. ಇಷ್ಟು ವರ್ಷ ಅವನು ಅದನ್ನೇ ನೆಚ್ಚಿಕೊಂಡು ಬದುಕಿದ್ದ. ನನ್ನ ಅಣ್ಣ ಅವನು, ಚಿಕ್ಕವಳಿದ್ದಾಗ ನನ್ನ ಪಿಟೀಲಿನ ಪೆಟ್ಟಿಗೆ ಹೊತ್ತುಕೊಂಡು ತರಗತಿಗೆ ಬಿಟ್ಟು ಬರುತ್ತಿದ್ದವನು. ಅವನಿಗೆ ಹೇಳಲು ಎರಡು ಸಲ ಫೋನು ಎತ್ತಿಕೊಂಡೆ. ಎರಡು ಸಲವೂ ಊಟವಾಯಿತಾ ಎಂದು ಕೇಳಿ ಇಟ್ಟೆ.

ಡಬ್ಬಿಂಗ್ ದಿನ ಅಣ್ಣ ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕೂತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುಮಗನ ಹಾಗೆ. ಗಾಜಿನಾಚೆಯ ಪುಟ್ಟ ಕೋಣೆಯಲ್ಲಿ ಹುಡುಗಿ ಮೈಕಿನ ಮುಂದೆ ನಿಂತಿದ್ದಳು. ಎದುರಿನ ಪರದೆಯ ಮೇಲೆ ಅವಳದೇ ಬೆನ್ನು. ಈಚೆ ಕೋಣೆಯಲ್ಲಿ ನಿರ್ದೇಶಕ, ಅಣ್ಣ, ನಾನು. ಹುಡುಗಿ ಮೊದಲು ಆಸೆ ಇಟ್ಟು ಹೇಳಿದಳು, ನಿರ್ದೇಶಕ ಇನ್ನೊಂದ್ಸಲ ಎಂದ. ದುಃಖ ಇಟ್ಟು ಹೇಳಿದಳು, ಇನ್ನೊಂದ್ಸಲ. ಏನೂ ಇಡದೆ ಹೇಳಿದಳು, ಆಗಂತೂ ಅದು ಬಸ್ಸು ಬರುವ ಸುದ್ದಿಯ ಹಾಗೆ ಕೇಳಿಸಿತು. ಹುಡುಗಿ ಮುಖ ಊದಿಸಿಕೊಂಡು ಹೆಡ್‌ಫೋನ್ ತೆಗೆದಳು.

ನಾನು ಒಳಗೆ ಹೋದೆ. ಮೈಕು ಆಫ್ ಇತ್ತು, ಆದರೂ ಅವಳ ಕಿವಿಯ ಹತ್ತಿರ ಬಗ್ಗಿದೆ. ಹಿಂದೆ ನಿಂತಿರೋ ಗಂಡನ್ನ ಮರೆತುಬಿಡು ಎಂದೆ. ಬಾಗಿಲಾಚೆ ನಿನ್ನ ಗಂಡನ ತಾಯಿ ಕೂತಿದ್ದಾಳೆ, ಬಿಸಿಲಿಗೆ ಕಾಲು ಚಾಚಿಕೊಂಡು, ಎದ್ದು ಬಂದು ನಿನ್ನನ್ನು ತಡೆಯಲು ಅವಳಿಗೆ ಆಗುವುದಿಲ್ಲ, ಅವಳ ಮುಖ ನೋಡಿ ಹೇಳು. ಅಷ್ಟೇ ಹೇಳಿದ್ದು ನಾನು. ಇನ್ನೊಂದು ಶಬ್ದ ಹೇಳಿಕೊಡಲಿಲ್ಲ.

ಪರದೆಯ ಮೇಲೆ ಬೆನ್ನು ಮತ್ತೆ ಬಾಗಿಲಿಗೆ ಬಂತು, ನಿಂತಿತು. ಹುಡುಗಿ ಸ್ವಲ್ಪ ತಗ್ಗಿದಳು, ಕೂತವರ ಜೊತೆ ಮಾತಾಡುವಾಗ ಬಗ್ಗುತ್ತೇವಲ್ಲ ಹಾಗೆ.

“ಬರ್ತೀನಿ ಅತ್ತೆ” ಎಂದಳು.

ಅವಳಿಗೇ ಗೊತ್ತಿಲ್ಲದೆ ಬಾಯಿಂದ ಬಂದುಬಿಟ್ಟಿತ್ತು. ತಕ್ಷಣ ನಾಲಗೆ ಕಚ್ಚಿಕೊಂಡು, ಸಾರಿ ಸಾರ್ ಎಂದಳು. ನಿರ್ದೇಶಕ ಅಣ್ಣನ ಕಡೆ ಹೆದರಿಕೆಯಿಂದ ನೋಡಿ ಇನ್ನೊಂದ್ಸಲ ಎನ್ನಲು ಬಾಯಿ ತೆರೆದ. ಅಣ್ಣ ಕೈ ಎತ್ತಿ ಅವನನ್ನು ತಡೆದ. ಎದ್ದು ಬಾಗಿಲು ತಳ್ಳಿಕೊಂಡು ಕಾರಿಡಾರಿಗೆ ಹೋದ. ನಾನೂ ಹಿಂದೆ ಹೋದೆ.

ಕುಡಿಯುವ ನೀರಿನ ಡಬ್ಬಿಯ ಪಕ್ಕ ಗೋಡೆಗೆ ಒರಗಿ ನಿಂತಿದ್ದ. ಅವಳು ಹೀಗೇ ಹೇಳಿದ್ದು ಎಂದ. ಇದೇ ದನಿ, ಇದೇ ಮಾತು. ವಾಕ್ಯ ಉದ್ದ ಆಗುತ್ತೆ ಅಂತ ಆ ಒಂದು ಪದ ನಾನೇ ಹೊಡೆದುಹಾಕಿದ್ದೆ, ಹೊಡೆದುಹಾಕಿದ್ದು ಮರೆತುಹೋಗಿತ್ತು ಎಂದ. ಆಮೇಲೆ ನನ್ನ ಮುಖವನ್ನೇ ನೋಡಿದ. ಅವನಿಂದ ಏನಾದರೂ ಮುಚ್ಚಿಡುವುದು ನನಗೆ ಚಿಕ್ಕಂದಿನಿಂದಲೂ ಆಗಿಲ್ಲ.

“ನೀನು ಅವಳನ್ನ ನೋಡಿ ಬಂದಿದ್ದೀಯ.”

ಹೂಂ ಎಂದೆ. ಎಲ್ಲವನ್ನೂ ಹೇಳಿದೆ. ವರಾಂಡ, ಬಿಸಿಲು, ವಾರಕ್ಕೊಂದು ದಿನ, ಅಮ್ಮನ ಎಚ್ಚರಿಕೆ, ಉಗುರು. ಇವನು ಇಲ್ಲೇ ಕುಸಿದುಬಿಟ್ಟರೆ ಏನು ಗತಿ ಎಂದು ಹೆದರಿದ್ದೆ. ಅವನು ಕುಸಿಯಲಿಲ್ಲ. ನಾನು ಮುಗಿಸಿದ ಮೇಲೆ ಒಂದು ಲೋಟ ನೀರು ಹಿಡಿದುಕೊಂಡು ಕುಡಿದ. ಉಗುರು ನೀನು ಕತ್ತರಿಸ್ತೀಯ ಅಂದುಕೊಂಡಿದ್ದೆ ಎಂದ. ಆಮೇಲೆ, ಹಾಗಾದ್ರೆ ಬಂದಿದ್ಲು ಎಂದ. ಬಂದಿದ್ರು ಎಂದೆ.

ಒಳಗೆ ಹೋಗಿ ನಿರ್ದೇಶಕನಿಗೆ, ಆ ಹುಡುಗಿ ಹೇಳಿದ್ದೇ ಇರಲಿ, ‘ಅತ್ತೆ’ಯನ್ನು ತೆಗೆಯಬೇಡಿ ಎಂದ. ನಿರ್ದೇಶಕ ಕಂಗಾಲಾದ. ಸಿನಿಮಾದಲ್ಲಿ ಅತ್ತೆಯೇ ಇಲ್ಲವಲ್ಲ ಸಾರ್, ಮಾತು ಯಾರಿಗೆ ಹೇಳಿದ್ದು ಅಂತ ಜನ ಕೇಳ್ತಾರಲ್ಲ ಎಂದ.

“ಕೇಳಲಿ. ನಾನೂ ಅವತ್ತೇ ಕೇಳಬೇಕಿತ್ತು.”

ಹುಡುಗಿಗೆ ಇನ್ನೊಂದ್ಸಲದ ಅಗತ್ಯ ಬೀಳಲಿಲ್ಲ. ಆ ದೃಶ್ಯಕ್ಕೆ ನಾನು ಚೆಲ್ಲೋ ಪೂರ್ತಿ ತೆಗೆದೆ. ಒಂದು ಕೊಳಲಿನಲ್ಲಿ, ಹೆಂಗಸರು ಕೆಲಸ ಮಾಡುತ್ತಾ ಗುನುಗಿಕೊಳ್ಳುವಂಥ ಚಿಕ್ಕ ರಾಗ ಹಾಕಿದೆ. ಅದು ಕಾಯುವುದೂ ಇಲ್ಲ, ಮುಗಿಯುವುದೂ ಇಲ್ಲ, ನಾಳೆ ಮತ್ತೆ ಗುನುಗಬಹುದು ಅನ್ನುವಷ್ಟಕ್ಕೆ ಬಿಡುತ್ತದೆ. ಅತ್ತಿಗೆಗೆ ಫೋನು ಮಾಡಿ ಕೇಳಿಸಿದೆ. ಸರಿ ಇದೆ ಎಂದರು, ಕ್ಲಾಸಿದೆ ಎಂದು ಇಟ್ಟರು.

ಡಬ್ಬಿಂಗ್ ಮುಗಿದ ಆ ಸಂಜೆ ಅಣ್ಣನನ್ನು ಮನೆಗೆ ಬಿಡಲು ನಾನೇ ಹೋಗಿದ್ದೆ. ಮನೆ ಹತ್ತಿರ ಬಂದಾಗ ಕೆಮ್ಮಿ ಗಂಟಲು ಸರಿ ಮಾಡಿಕೊಂಡ. ಪರೀಕ್ಷೆಯಲ್ಲಿ ಮೇಷ್ಟ್ರನ್ನು ಏನಾದರೂ ಕೇಳಲು ಅಂಜುವವನ ಹಾಗಿತ್ತು ಅವನ ಮುಖ.

“ಅವಳು ಬಂದಾಗ ಇಬ್ರೂ ಕೂತ್ಕೊಂಡು ಏನು ಮಾತಾಡ್ತಿದ್ರಂತೆ?” ಎಂದ. ಆಮೇಲೆ ಗಾಬರಿಯಿಂದ ನನ್ನ ತೋಳು ಮುಟ್ಟಿ, “ಬರೆಯೋದಕ್ಕಲ್ಲ ಕಣೇ. ಸುಮ್ನೆ ಕೇಳ್ತಿದೀನಿ” ಎಂದ.

ನನಗೆ ಗೊತ್ತಿಲ್ಲ ಅಣ್ಣ, ಅದನ್ನು ನಾನು ಕೇಳಲಿಲ್ಲ ಎಂದೆ. ಒಳ್ಳೇದು ಎಂದು ಕಾರಿನಿಂದ ಇಳಿದ.